ಗಣಿತ ಬಿಡಬಹುದು, ಆದರೆ ಲೆಕ್ಕ ಹಾಕಿ ಬಿಡಿ: ಎನ್‌ಐಒಎಸ್‌ನಲ್ಲಿ ವಿಷಯ ಆಯ್ಕೆ ಹೇಗೆ?

ಗಣಿತ ಅಥವಾ ವಿಜ್ಞಾನದಲ್ಲಿ ಪದೇ ಪದೇ ನಪಾಸಾಗಿ ಓದು ನಿಲ್ಲಿಸುವ ಮಕ್ಕಳು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಹತ್ತನೇ ತರಗತಿಯ ಬಾಗಿಲು ಮುಚ್ಚಿಲ್ಲ. 1989ರಲ್ಲಿ ಶುರುವಾಗಿ, ಈಗ ನೋಯ್ಡಾದಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಹತ್ತು ಮತ್ತು ಹನ್ನೆರಡನೇ ತರಗತಿಗೆ ವಿಷಯಗಳನ್ನು ಅಭ್ಯರ್ಥಿಯೇ ಆರಿಸಿಕೊಳ್ಳಲು ಬಿಡುತ್ತದೆ. ಇದರ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೂ ಇದೆ. ಹತ್ತನೇ ತರಗತಿಗೆ ಸೇರಲು 14 ವರ್ಷ ತುಂಬಿರಬೇಕು.

ಪ್ರಮಾಣಪತ್ರಕ್ಕೆ ಐದು ವಿಷಯ ಪಾಸಾದರೆ ಸಾಕು. ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಎರಡಕ್ಕಿಂತ ಹೆಚ್ಚು ಭಾಷೆ ಬೇಡ. ಬೇಕೆನಿಸಿದರೆ ಇನ್ನೆರಡು ಹೆಚ್ಚುವರಿ ವಿಷಯ ಸೇರಿಸಿ ಒಟ್ಟು ಏಳರವರೆಗೆ ಹೋಗಬಹುದು. ಕನ್ನಡವೂ ಪಟ್ಟಿಯಲ್ಲಿದೆ. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಜೊತೆ ಗೃಹ ವಿಜ್ಞಾನ, ಚಿತ್ರಕಲೆ, ವ್ಯವಹಾರ ಅಧ್ಯಯನ, ಮನೋವಿಜ್ಞಾನ, ಡೇಟಾ ಎಂಟ್ರಿಯಂಥ ವಿಷಯಗಳೂ ಇವೆ. ಗಣಿತ ಕಡ್ಡಾಯವಲ್ಲ.

ಇಲ್ಲೇ ಹೆಚ್ಚಿನವರು ಎಡವುವುದು. ಸುಲಭವಾದ ಐದನ್ನು ಹುಡುಕುವ ಮೊದಲು ಮುಂದೆ ಏನು ಓದಬೇಕೆಂದು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಎಲೆಕ್ಟ್ರಿಷಿಯನ್‌ನಂಥ ಐಟಿಐ ಟ್ರೇಡ್‌ಗಳು ಹತ್ತನೇ ತರಗತಿಯಲ್ಲಿ ಗಣಿತ, ವಿಜ್ಞಾನ ಓದಿರುವುದನ್ನು ಕೇಳುತ್ತವೆ. ಹನ್ನೆರಡರಲ್ಲಿ ನೀಟ್ ಬರೆಯುವವರಿಗೆ ಭೌತ, ರಸಾಯನ, ಜೀವವಿಜ್ಞಾನದ ಜೊತೆ ಇಂಗ್ಲಿಷ್ ಬೇಕು. ಎಂಜಿನಿಯರಿಂಗ್‌ಗೆ ಭೌತ ಮತ್ತು ಗಣಿತ ಬೇಕು. ಕಲೆ ಅಥವಾ ವಾಣಿಜ್ಯ ಓದುವ ಮಗುವಿಗೆ ಗಣಿತ ಬಿಟ್ಟರೆ ಸಾಮಾನ್ಯವಾಗಿ ನಷ್ಟವಿಲ್ಲ. ಇನ್ನೂ ತೀರ್ಮಾನ ಮಾಡದ ಮಗುವಿಗೆ ಗಣಿತವನ್ನು ಆರನೇ ವಿಷಯವಾಗಿ ಇಡುವುದೇ ಒಳ್ಳೆಯದು: ಉಳಿದ ಐದು ಪಾಸಾದರೆ ಪ್ರಮಾಣಪತ್ರಕ್ಕೆ ಕುತ್ತಿಲ್ಲ, ಗಣಿತದ ದಾರಿಯೂ ಮುಚ್ಚುವುದಿಲ್ಲ.

ಎಸ್ಸೆಸ್ಸೆಲ್ಸಿ ಅನುತ್ತೀರ್ಣರಿಗೆ ಇನ್ನೊಂದು ಅನುಕೂಲವಿದೆ. ಅಲ್ಲಿ ಪಾಸಾದ ವಿಷಯಗಳಲ್ಲಿ ಎರಡರ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಕನ್ನಡ ಮತ್ತು ಸಮಾಜ ವಿಜ್ಞಾನ ಪಾಸಾಗಿ ಗಣಿತ, ವಿಜ್ಞಾನ, ಇಂಗ್ಲಿಷ್ ಬಿದ್ದ ಹುಡುಗಿಯೊಬ್ಬಳನ್ನು ತೆಗೆದುಕೊಳ್ಳಿ. ಮೊದಲೆರಡನ್ನು ವರ್ಗಾಯಿಸಿ, ಇಂಗ್ಲಿಷ್, ಗೃಹ ವಿಜ್ಞಾನ, ವ್ಯವಹಾರ ಅಧ್ಯಯನ ಆರಿಸಿಕೊಂಡರೆ ಅವಳು ಬರೆಯಬೇಕಾದದ್ದು ಮೂರೇ ವಿಷಯ. ವರ್ಗಾವಣೆ ಕೇಳುವುದು ಅರ್ಜಿ ತುಂಬುವಾಗಲೇ. ಮೂಲ ಅಂಕಪಟ್ಟಿ ಕೈಯಲ್ಲಿರಲಿ; ಅದರಲ್ಲಿನ ಹೆಸರು, ಜನ್ಮದಿನಾಂಕಕ್ಕೂ ಆಧಾರ್‌ಗೂ ಒಂದು ಅಕ್ಷರದ ವ್ಯತ್ಯಾಸವಿದ್ದರೂ ಮೊದಲು ಸರಿಪಡಿಸಿಕೊಳ್ಳಿ. ಪುಸ್ತಕಗಳು ಯಾವ ಮಾಧ್ಯಮದಲ್ಲಿ ಸಿಗುತ್ತವೆ ಎಂಬುದನ್ನೂ ವಿಷಯವಾರು ನೋಡಿಕೊಂಡೇ ಮಾಧ್ಯಮ ಆರಿಸಿ.

ನೋಂದಣಿ ಐದು ವರ್ಷ ಜೀವಂತವಾಗಿರುತ್ತದೆ. ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆ: ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್. ಒಟ್ಟು ಒಂಬತ್ತು ಅವಕಾಶ. ಐದೂ ವಿಷಯವನ್ನು ಒಟ್ಟಿಗೆ ಬರೆಯಬೇಕೆಂಬ ಕಟ್ಟುಪಾಡಿಲ್ಲ. ಈ ಸಲ ಎರಡು, ಮುಂದಿನ ಸಲ ಮೂರು ಬರೆದರೂ ಪಾಸಾದ ಅಂಕ ಖಾತೆಯಲ್ಲಿ ಉಳಿಯುತ್ತದೆ. ದುಡಿಯುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ನೆರವು ಬೇರೆ ಇಲ್ಲ. ಆರಿಸಿದ ವಿಷಯ ಒಗ್ಗದಿದ್ದರೆ ಶುಲ್ಕ ಕಟ್ಟಿ ಬದಲಿಸಲೂಬಹುದು, ಒಟ್ಟು ಏಳರ ಮಿತಿ ಮೀರಬಾರದು ಅಷ್ಟೆ.

ಪಾಸಾಗಲು ಶೇ 33 ಬೇಕು. ಪ್ರಾಯೋಗಿಕ ಇರುವ ವಿಷಯದಲ್ಲಿ ಲಿಖಿತಕ್ಕೂ ಪ್ರಾಯೋಗಿಕಕ್ಕೂ ಪ್ರತ್ಯೇಕವಾಗಿ ಅಷ್ಟು ಬರಬೇಕು. ವಿಜ್ಞಾನ, ಗೃಹ ವಿಜ್ಞಾನ, ಡೇಟಾ ಎಂಟ್ರಿ, ಚಿತ್ರಕಲೆ ಇಂಥವು. ಪ್ರಾಯೋಗಿಕ ಪರೀಕ್ಷೆ ಲಿಖಿತಕ್ಕಿಂತ ಮೊದಲೇ ನಡೆದುಹೋಗುತ್ತದೆ. ಲಿಖಿತದ ದಿನಾಂಕವನ್ನಷ್ಟೇ ಕಾಯುತ್ತ ಕೂತವರು ಅದನ್ನು ತಪ್ಪಿಸಿಕೊಂಡು, ಬರೆದ ವಿಷಯವೂ ಅಪೂರ್ಣವಾಗಿ ಉಳಿಯುತ್ತದೆ. ಮನೆಯಲ್ಲೇ ಬರೆದು ಸಲ್ಲಿಸುವ ಅಸೈನ್‌ಮೆಂಟ್, ಅಂದರೆ ಟಿಎಂಎಗೆ ಶೇ 20 ತೂಕವಿದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಾದ ಅಂಕಗಳು ಇವು, ಕೊನೆಯ ದಿನ ದಾಟಿದರೆ ಹೋದಂತೆಯೇ.

ಇನ್ನೊಂದು ತಪ್ಪು ಪ್ರತಿ ಸಲವೂ ಕಾಣುತ್ತದೆ. ಪ್ರವೇಶ ಶುಲ್ಕ ಕಟ್ಟಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ. ಪರೀಕ್ಷಾ ಶುಲ್ಕ ಬೇರೆ, ಅದೂ ವಿಷಯವಾರು. ಆ ಬಾರಿ ಯಾವ ಯಾವ ವಿಷಯ ಬರೆಯುತ್ತೀರೆಂದು ಗುರುತಿಸಿ ನಿಗದಿತ ದಿನದೊಳಗೆ ಕಟ್ಟಬೇಕು. ಕಟ್ಟಿದ ರಸೀದಿಯನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಇದನ್ನೆಲ್ಲ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ನೀವೇ ಮಾಡಬಹುದು. ಪಾಸು ಖಾತ್ರಿ ಎಂದು ಹಣ ಕೇಳುವ ಮಧ್ಯವರ್ತಿಗೆ ಪಾಸ್‌ವರ್ಡ್ ಕೊಟ್ಟರೆ ಶುಲ್ಕ ಕಟ್ಟಿದ್ದಾನೋ ಇಲ್ಲವೋ ಎಂಬುದು ಪ್ರವೇಶಪತ್ರ ಬರದಿದ್ದಾಗಲೇ ತಿಳಿಯುವುದು.

ಹತ್ತು ಮುಗಿಸಿ ಇಲ್ಲೇ ಹನ್ನೆರಡಕ್ಕೆ ಸೇರುವವರು ಗಮನಿಸಿ: ಎರಡು ಪ್ರಮಾಣಪತ್ರಗಳ ನಡುವೆ ಎರಡು ವರ್ಷ ಅಂತರ ಬೇಕು. ಪಿಯು ಕಾಲೇಜಿಗೆ ಹೋಗುವವರು ಅಂಕಪಟ್ಟಿಯ ಜೊತೆ ಬರುವ ವಲಸೆ ಪ್ರಮಾಣಪತ್ರವನ್ನು ಜೋಪಾನ ಮಾಡಿ. ಪ್ರವೇಶದ ವೇಳೆ ಅದನ್ನು ಕೇಳುತ್ತಾರೆ. ಅಂಕಪಟ್ಟಿ ಡಿಜಿಲಾಕರ್‌ನಲ್ಲೂ ಸಿಗುತ್ತದೆ.