ಉಬ್ಬಸದ ಮಗುವಿಗೆ ಫೆನೋ ಟೆಸ್ಟ್: ಊದಿಸುವುದು ಹೇಗೆ?

ದಿನಾ ಎರಡು ಹೊತ್ತು ಇನ್ಹೇಲರ್ ಹಾಕಿದರೂ ರಾತ್ರಿ ಕೆಮ್ಮು ನಿಲ್ಲದ ಮಕ್ಕಳಿಗೆ ಕೆಲವು ಡಾಕ್ಟರು ಫೆನೋ ಟೆಸ್ಟ್ ಬರೆದುಕೊಡುತ್ತಾರೆ. ಸೂಜಿ ಇಲ್ಲ, ರಕ್ತ ಇಲ್ಲ, ಬರೀ ಊದುವುದು. ಆದರೆ ತಯಾರಿ ಇಲ್ಲದೆ ಹೋದರೆ ಸುಳ್ಳು ನಂಬರ್ ಹಿಡಿದುಕೊಂಡು ಮನೆಗೆ ಬರುತ್ತೀರಿ.

ಈ ಯಂತ್ರ ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡ್ ಅಳೆಯುತ್ತದೆ. ಅಲರ್ಜಿಯಿಂದ ಶ್ವಾಸನಾಳ ಬಾತುಕೊಂಡಾಗ ಅದರ ಒಳಗೋಡೆಯೇ ಈ ಅನಿಲವನ್ನು ಜಾಸ್ತಿ ತಯಾರಿಸುತ್ತದೆ. ಅಲ್ಲಿಗೆ ನುಗ್ಗಿದ ಬಿಳಿ ರಕ್ತಕಣಗಳು ಸೂಪರಾಕ್ಸೈಡ್ ಎಂಬ ಆಮ್ಲಜನಕದ ಉಗ್ರ ರೂಪವನ್ನು ಉಗುಳುತ್ತವೆ. ಎರಡೂ ಸೇರಿದರೆ ಪೆರಾಕ್ಸಿನೈಟ್ರೈಟ್, ಸಿಕ್ಕಿದ್ದನ್ನೆಲ್ಲ ಸುಡುವ ಜಾತಿಯದು. ಇದನ್ನು ತಡೆಯಲು ಶ್ವಾಸಕೋಶದ ಒಳಮೈಯ ತೆಳು ನೀರಿನ ಪದರದಲ್ಲಿ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ ಇರುತ್ತದೆ, ಆರೋಗ್ಯವಂತರಲ್ಲಿ ರಕ್ತದ ಪ್ಲಾಸ್ಮಾದಲ್ಲಿ ಇರುವುದಕ್ಕಿಂತ ನೂರು ಪಟ್ಟಿಗೂ ಜಾಸ್ತಿ. ತೀವ್ರ ಆಸ್ತಮಾದ ಮಕ್ಕಳಲ್ಲಿ ಅದೇ ಕಡಿಮೆ, ಉಳಿದದ್ದರಲ್ಲೂ ಬಳಕೆಯಾಗಿ ಸವೆದದ್ದರ ಪಾಲು ಹೆಚ್ಚು ಎಂದು ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ತೋರಿಸಿದರು. ಹಾಗಾದರೆ ಆಂಟಿಆಕ್ಸಿಡೆಂಟ್ ಟಾನಿಕ್ ಕುಡಿಸಿದರೆ ಆಯ್ತಲ್ವಾ? ಇಲ್ಲ, ಕುಡಿದದ್ದೆಲ್ಲ ಹೋಗಿ ಆ ಪದರ ಸೇರುವುದಿಲ್ಲ.

ಈಗ ತಯಾರಿ. ಹಿಂದಿನ ದಿನದಿಂದಲೇ ಬೀಟ್ರೂಟ್ ಪಲ್ಯ, ಪಾಲಕ್ ಸಾರು ಬೇಡ. ಅವುಗಳಲ್ಲಿರುವ ನೈಟ್ರೇಟ್ ನಂಬರನ್ನು ಏರಿಸುತ್ತದೆ. ಟೆಸ್ಟಿಗೆ ಒಂದು ಗಂಟೆ ಮುಂಚಿನಿಂದ ತಿನ್ನುವುದು, ಕುಡಿಯುವುದು, ಆಸ್ಪತ್ರೆ ವರಾಂಡದಲ್ಲಿ ಓಡುವುದು ಎಲ್ಲ ಬಂದ್. ನೆಗಡಿ ಇದ್ದರೆ ಹೇಳಿಬಿಡಿ. ಇನ್ಹೇಲರನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಅದೇ ದಿನ ಜೋರಾಗಿ ಊದುವ ಸ್ಪೈರೋಮೆಟ್ರಿಯೂ ಇದ್ದರೆ ಫೆನೋ ಮೊದಲು ಆಗಲಿ.

ಊದುವುದನ್ನು ಮನೆಯಲ್ಲೇ ಕಲಿಸಿ. ಹುಟ್ಟುಹಬ್ಬದ ಮೇಣದಬತ್ತಿ ಆರಿಸುವ ಹಾಗಲ್ಲ, ಬಿಸಿ ಹಾಲು ಆರಿಸುವ ಹಾಗೆ, ನಿಧಾನವಾಗಿ, ಒಂದೇ ಸಮ. ಯಂತ್ರಕ್ಕೆ ಬೇಕಾದ ವೇಗ ಸೆಕೆಂಡಿಗೆ 50 ಮಿಲಿಲೀಟರ್, ಅದೂ ಯಂತ್ರ ನೋಡಿಕೊಂಡು 6 ಅಥವಾ 10 ಸೆಕೆಂಡ್. ಐದು ವರ್ಷದ ಮಗುವಿಗೆ ಇದು ಸುಲಭವಲ್ಲ, ಬೈಯಬೇಡಿ.

ಅಲ್ಲಿ ಮಗು ಮೊದಲು ಉಸಿರು ಪೂರ್ತಿ ಬಿಡಬೇಕು. ಆಮೇಲೆ ಕೊಳವೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು ಅದರ ಮೂಲಕವೇ ಉಸಿರು ತುಂಬಿಕೊಂಡು, ತುಟಿ ಬಿಡದೆ, ಹಾಗೇ ಊದಬೇಕು. ಮೂಗಿನಿಂದ ಎಳೆದುಕೊಂಡರೆ ಕೆಲಸ ಕೆಟ್ಟಿತು, ಯಾಕೆಂದರೆ ಮೂಗು, ಸೈನಸ್ ತುಂಬ ಇದೇ ಅನಿಲ ಇರುತ್ತದೆ. ಎಷ್ಟೋ ಯಂತ್ರಗಳ ಪರದೆಯಲ್ಲಿ ಮೋಡವೋ ಬಲೂನೋ ತೇಲುತ್ತದೆ, ಅದನ್ನು ಗೆರೆಗಳ ನಡುವೆ ಇಟ್ಟರೆ ಮಗು ಗೆದ್ದ ಹಾಗೆ.

12 ವರ್ಷದೊಳಗಿನವರಿಗೆ 20ಕ್ಕಿಂತ ಕೆಳಗೆ ಕಡಿಮೆ, 35 ದಾಟಿದರೆ ಜಾಸ್ತಿ. ನೂರು ಕೋಟಿ ಭಾಗ ಗಾಳಿಯಲ್ಲಿ ಅಷ್ಟೇ ಭಾಗ! ಜಾಸ್ತಿ ಬಂದ ತಕ್ಷಣ ಕಾಯಿಲೆ ಮಿತಿಮೀರಿತು ಎಂದುಕೊಳ್ಳಬೇಡಿ. ಸ್ಟಿರಾಯ್ಡ್ ಇನ್ಹೇಲರ್ ಸರಿಯಾಗಿ ಒಳಗೆ ಹೋದರೆ ಸಾಮಾನ್ಯವಾಗಿ ಇದು ಇಳಿಯುತ್ತದೆ. ಹಾಗಾಗಿ ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಡಬ್ಬಿ) ಇಲ್ಲದೆ ಬಾಯಿಗೆ ಹೊಡೆದದ್ದು, "ಅಭ್ಯಾಸ ಆಗಿಬಿಡುತ್ತೆ" ಅಂತ ಅಜ್ಜಿ ಹೇಳಿದ್ದಕ್ಕೆ ಬಿಟ್ಟ ಡೋಸು, ಎಲ್ಲವನ್ನೂ ಡಾಕ್ಟರ ಮುಂದೆ ಒಪ್ಪಿಕೊಳ್ಳಿ. ಒಂದು ವಾರ ಯಾರಾದರೂ ಎದುರಿಗೇ ನಿಂತು ಡೋಸು ಕೊಡಿಸಿ ಮತ್ತೆ ಊದಿಸಿದಾಗ ನಂಬರ್ ಚೆನ್ನಾಗಿ ಇಳಿದರೆ ತಪ್ಪು ಎಲ್ಲಿತ್ತು ಅಂತ ಗೊತ್ತಾಗುತ್ತದೆ, ತೀವ್ರ ಆಸ್ತಮಾಕ್ಕೆ ಕೊಡುವ ದುಬಾರಿ ಇಂಜೆಕ್ಷನ್ನಿನ ಮಾತು ಸದ್ಯಕ್ಕೆ ಬೇಡವಾಗಬಹುದು. ಇನ್ನು ನಂಬರ್ ಕಡಿಮೆ ಇದ್ದೂ ಎದೆ ಸುಯ್‌ಗುಡುವ ಮಕ್ಕಳೂ ಇದ್ದಾರೆ. ಅವರಿಗೆ ಈ ಟೆಸ್ಟ್ ತೋರಿಸಿ ಔಷಧಿ ನಿಲ್ಲಿಸುವ ಹಾಗಿಲ್ಲ.