ಬೆಂಗಳೂರಿನ ಮೂರನೇ ಮಹಡಿಯಲ್ಲಿ ಹಲಸಿನ ಹಪ್ಪಳ

ಈ ವರ್ಷ ಜೂನ್, ಜುಲೈ ಸೇರಿ ಸುಮಾರು 420 ಹಲಸಿನ ಹಪ್ಪಳ ಮಾಡಿದೆ. ಮಾಡಿದ್ದು ಬೆಂಗಳೂರಿನಲ್ಲಿ, ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿ, ಮೋಡ ಮುಚ್ಚಿದ ದಿನಗಳಲ್ಲಿ. ಒಂದಕ್ಕೂ ಬೂಷ್ಟು ಹಿಡಿದಿಲ್ಲ. ಎಣ್ಣೆಗೆ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಅರಳುತ್ತವೆ. ಊರಿನಿಂದ ಬಂದವರು ತಿಂದು, ಇದು ಬೆಂಗಳೂರಿನದ್ದು ಅಂದರೆ ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆ. ದೊಡ್ಡಮ್ಮ ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಸಾವಿರದ ಲೆಕ್ಕದಲ್ಲಿ ಹಪ್ಪಳ ಮಾಡುತ್ತಿದ್ದವರು. ನಾಲ್ಕು ವರ್ಷದ ಹಿಂದೆ ನಾನು ಇಲ್ಲೇ ಮಾಡುತ್ತೇನೆ ಅಂದಾಗ ಅವರು ಹೇಳಿದ್ದು ಇಷ್ಟೇ: "ಅಲ್ಲಾ ಮಾರಾಯ, ಅಲ್ಲಿ ಹಲಸು ಬರುವ ಹೊತ್ತಿಗೆ ಮಳೆ. ಬಿಸಿಲಿಲ್ಲದೆ ಹಪ್ಪಳ ಆಗ್ತದಾ?" ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಇಲ್ಲಿ ಸುತ್ತಮುತ್ತ ಕಾಯಿ ಬಲಿಯುವುದು ಮೇ ಕೊನೆಯಿಂದ. ಆಗ ಮಧ್ಯಾಹ್ನ ಆಯಿತೆಂದರೆ ಮೋಡ, ಸಂಜೆ ಮಳೆ. ಉಳಿದರ್ಧ ತಪ್ಪು ಅಂತ ಗೊತ್ತಾಗಲು ನನಗೆ ಮೂರು ವರ್ಷ ಬೇಕಾಯಿತು.

ಸೊಳೆ (ಹಲಸಿನ ತೊಳೆ) ಬಿಡಿಸುವುದು, ಕೈಗೆ ಎಣ್ಣೆ ಹಚ್ಚಿಕೊಳ್ಳುವುದು, ಉಂಡೆ ಕಟ್ಟುವುದು ಇದೆಲ್ಲ ನಿಮಗೆ ಗೊತ್ತಿರುತ್ತದೆ, ಬಿಡಿ. ನಾನು ಎಲ್ಲೆಲ್ಲಿ ಸೋತೆ ಅಂತ ಹೇಳುತ್ತೇನೆ.

ಮೊದಲ ವರ್ಷ ಕಾಯಿ ಊರಿನಿಂದಲೇ ಬರಲಿ ಅಂತ ಹಟ ಹಿಡಿದೆ. ಬಸ್ಸಿನ ಲಗೇಜಿನಲ್ಲಿ ಹಾಕಿಸಿದರು. ಇಳಿಸಿಕೊಳ್ಳುವುದು ಒಂದು ದಿನ ತಡವಾಯಿತು, ಕೊಯ್ಯುವುದು ಇನ್ನೊಂದು ದಿನ. ಬಕ್ಕೆ ಹಲಸು, ಅಂದರೆ ಗಟ್ಟಿ ಸೊಳೆಯ ಜಾತಿ, ಹೊರಗಿನಿಂದ ಕಲ್ಲಿನ ಹಾಗೆ ಗಟ್ಟಿ. ಒಳಗೆ ಸೊಳೆ ಆಗಲೇ ಹಳದಿಗೆ ತಿರುಗಿತ್ತು. ಬಾಯಿಗೆ ಹಾಕಿಕೊಂಡರೆ ಇಷ್ಟೇ ಇಷ್ಟು ಸಿಹಿ. ಇಷ್ಟು ಸಿಹಿಗೆ ಏನಾದೀತು ಅಂತ ಮುಂದುವರಿದೆ. ಹಪ್ಪಳ ಚೆನ್ನಾಗಿಯೇ ಒಣಗಿತು. ಆದರೆ ಎಣ್ಣೆಗೆ ಬಿಟ್ಟ ತಕ್ಷಣ ಕೆಂಪಾಗಿ, ಅರಳುವಷ್ಟರಲ್ಲಿ ಕಪ್ಪಾಗಿ ಕಹಿ ಬಂತು. ಸಿಹಿ ಇದ್ದರೆ ಸೀಯುತ್ತದೆ. ಎಣ್ಣೆ ಎಷ್ಟೇ ತಣ್ಣಗಿಟ್ಟರೂ ಅದು ಸರಿಹೋಗುವುದಿಲ್ಲ. ಸುಮಾರು 90 ಹಪ್ಪಳ ಹೋಯಿತು.

ಈಗ ಕಾಯಿ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಕಡೆಯಿಂದ ತರುತ್ತೇನೆ. ಆ ಕಡೆ ಹಲಸು ಹೆಸರುವಾಸಿ, ಗೊತ್ತಲ್ವಾ? ಬೆಳಗ್ಗೆ ಆರಕ್ಕೆ ಬೈಕಿನಲ್ಲಿ ಹೋಗಿ, ಮರದಿಂದ ಎದುರಿಗೇ ಇಳಿಸಿಕೊಂಡು, ಹತ್ತು ಗಂಟೆಗೆ ಮನೆ ಸೇರಿ ಕೊಯ್ಯುತ್ತೇನೆ. ಮುಳ್ಳು ಅಗಲ ಆಗಿರಬೇಕು, ಬಡಿದರೆ ಡಬಡಬ ಅನ್ನಬಾರದು. ಬೇಳೆಯ (ಹಲಸಿನ ಬೀಜದ) ಸಿಪ್ಪೆ ಕಂದು ಬಣ್ಣಕ್ಕೆ ಬಂದಿರಬೇಕು, ಸೊಳೆ ಮಾತ್ರ ಇನ್ನೂ ಬಿಳಿ ಇರಬೇಕು. ಈ ಹೊತ್ತು ಒಂದು ಕಾಯಿಗೆ ನಾಲ್ಕೈದು ದಿನ ಮಾತ್ರ ಇರುತ್ತದೆ. 11, 12 ಕಿಲೋ ತೂಗುವ ಕಾಯಿಗೆ 150 ರೂಪಾಯಿ ಕೊಡುತ್ತೇನೆ. ಮೂರೂವರೆ ಕಿಲೋ ಸೊಳೆ ಸಿಗುತ್ತದೆ.

ಎರಡನೇ ಸೋಲು ರುಬ್ಬುವುದರಲ್ಲಿ. ಊರಲ್ಲಿ ಒರಳು, ಒನಕೆ. ಇಲ್ಲಿ ಕೆಳಗಿನ ಮನೆಯವರು ಮಲಗಿರುವಾಗ ಒನಕೆ ಹಾಕಲು ಆಗುತ್ತದಾ? ಮಿಕ್ಸಿಗೆ ಹಾಕಿದೆ. ಬೆಂದ ಸೊಳೆ ಬ್ಲೇಡಿಗೆ ಸುತ್ತಿಕೊಂಡು ನಿಂತುಬಿಟ್ಟಿತು. ಎರಡು ಚಮಚ ನೀರು ಹಾಕಿದೆ, ತಿರುಗಿತು. ಆ ನೀರೇ ಹಾಳು ಮಾಡಿತು. ಹಿಟ್ಟು ಅಂಬಲಿ ಆಯಿತು, ಒತ್ತಿದರೆ ಹರಿದು ಹೋಯಿತು. ಅಕ್ಕಿ ಹಿಟ್ಟು ಬೆರೆಸಿ ಗಟ್ಟಿ ಮಾಡಿದೆ. ಅದು ಹಪ್ಪಳ ಆಯಿತು, ಆದರೆ ಹಲಸಿನ ಹಪ್ಪಳ ಆಗಲಿಲ್ಲ. ಮಿಕ್ಸಿಯ ಮೋಟಾರು ಸುಟ್ಟು, ರಿಪೇರಿಗೆ 700 ರೂಪಾಯಿ ಆಯಿತು.

ಇದಕ್ಕೆ ಪರಿಹಾರ ಸಿಕ್ಕಿದ್ದು ಪಾತ್ರೆ ಅಂಗಡಿಯಲ್ಲಿ. ಖೀಮಾ ಮಾಡುವ ಕೈಯಂತ್ರ ಇರುತ್ತದಲ್ಲ, ಮೇಜಿನ ಅಂಚಿಗೆ ತಿರುಪು ಬಿಗಿದು ಹಿಡಿ ತಿರುಗಿಸುವುದು, ಅದೇ. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಅತ್ತೆಗೆ ಮೊದಲು ಮುಜುಗರ ಆಯಿತು. ಹೊಸದು, ಹಲಸು ಬಿಟ್ಟು ಬೇರೇನೂ ಕಾಣದ್ದು ಅಂತ ತೋರಿಸಿದ ಮೇಲೆ ಅವರೇ ಹಿಡಿ ತಿರುಗಿಸಲು ಕೂತರು. 1,600 ರೂಪಾಯಿ ಕೊಟ್ಟ ನೆನಪು. ಒಂದು ಹನಿ ನೀರು ಬೇಡ. ಸೊಳೆ ಬಿಸಿ ಇರುವಾಗಲೇ ಎರಡು ಸಲ ಹಾಯಿಸಿದರೆ ಒರಳಿನ ಹಿಟ್ಟಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ತಣ್ಣಗಾದರೆ ಮಾತ್ರ ನಾರು ನಾರಾಗಿ ಬರುತ್ತದೆ. ಹಬೆಯಲ್ಲಿ ನಾನು 25 ನಿಮಿಷ ಇಡುತ್ತೇನೆ. ಎರಡು ಬೆರಳಲ್ಲಿ ಅದುಮಿದರೆ ಜಜ್ಜಿಹೋಗಬೇಕು, ನೀರು ಜಿನುಗಬಾರದು.

ಮೂರನೆಯದೇ ದೊಡ್ಡ ಸೋಲು, ಒಣಗಿಸುವುದು.

ಎರಡನೇ ವರ್ಷ ತಾರಸಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ 130 ಹಪ್ಪಳ ಹರಡಿದೆ. ಮಧ್ಯಾಹ್ನ ಮೂರಕ್ಕೆ ಮೋಡ ಬಂತು. ಎತ್ತಿ ಒಳಗೆ ತಂದೆ. ಮರುದಿನ ಹೊರಗೆ, ಮತ್ತೆ ಒಳಗೆ. ಮೂರನೇ ದಿನ ಬೆಳಗ್ಗೆ ಒಂದನ್ನು ಮಗುಚಿ ನೋಡಿದೆ. ಮೇಲ್ಮೈ ಹಪ್ಪಳದ ಹಾಗೇ ಗಟ್ಟಿ. ಪ್ಲಾಸ್ಟಿಕ್‌ಗೆ ಅಂಟಿದ್ದ ಅಡಿಮೈ ಇನ್ನೂ ಹಸಿ, ಲೋಳೆ ಲೋಳೆ. ಅದರ ನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ಮೂಸಿದರೆ ಹಳೆ ಬ್ರೆಡ್ಡಿನ ವಾಸನೆ. ಇಡೀ 130 ಹಪ್ಪಳ ಕಸದ ಗಾಡಿಗೆ ಹೋಯಿತು. ಅವತ್ತು ನನ್ನ ಹೆಂಡತಿ ಏನೂ ಅನ್ನಲಿಲ್ಲ. ನಾನೂ ಊಟ ಮಾಡಲಿಲ್ಲ.

ಮೂರನೇ ವರ್ಷ ಬಿಸಿಲಿಗೆ ಬದಲು ಬಲ್ಬು ಅಂತ ಹೊರಟೆ. ಪ್ಲೈವುಡ್ ಪೆಟ್ಟಿಗೆ, ಒಳಗೆ 100 ವಾಟಿನ ನಾಲ್ಕು ಬಲ್ಬು. ಬಡಗಿಗೆ, ವಯರಿಗೆ ಎಲ್ಲಾ ಸೇರಿ 1,100 ರೂಪಾಯಿ ಆಯಿತು. ಹಪ್ಪಳ ಐದು ಗಂಟೆಯಲ್ಲಿ ಒಣಗಿದ ಹಾಗೆ ಕಂಡಿತು. ಡಬ್ಬಿಗೆ ತುಂಬಿ ವಾರ ಬಿಟ್ಟು ನೋಡಿದರೆ ಅಂಚೆಲ್ಲ ಸೀಳು, ನಡುವೆ ಮೆತ್ತಗೆ. ಶಾಖ ಜಾಸ್ತಿ ಆದರೆ ಹೊರಪದರ ಮೊದಲು ಬಿಗಿದುಕೊಂಡು ಒಳಗಿನ ಪಸೆ ಒಳಗೇ ಉಳಿಯುತ್ತದೆ. ಆ ಪೆಟ್ಟಿಗೆಯಲ್ಲಿ ಈಗ ಚಪ್ಪಲಿ ಇಡುತ್ತೇವೆ.

ಆ ವರ್ಷ ಜುಲೈನಲ್ಲಿ ಒಂದು ದಿನ ತಾರಸಿಯಲ್ಲಿ ಬಟ್ಟೆ ಒಣಹಾಕಿದ್ದೆ. ಬಿಸಿಲೇ ಇರಲಿಲ್ಲ. ಗಾಳಿ ಮಾತ್ರ ಕ್ಲಿಪ್ ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಮುಂಗಾರಿನಲ್ಲಿ ಇಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ. ದಪ್ಪ ಪಂಚೆ ಎರಡು ಗಂಟೆಯಲ್ಲಿ ಗರಿಗರಿ ಆಯಿತು. ಪಂಚೆ ಒಣಗುತ್ತದೆ ಅಂದರೆ ಹಪ್ಪಳ ಯಾಕೆ ಒಣಗಬಾರದು? ದಾರದ ಮೇಲಿನ ಪಂಚೆಗೆ ಎರಡೂ ಕಡೆಯಿಂದ ಗಾಳಿ ಸಿಗುತ್ತದೆ. ನನ್ನ ಹಪ್ಪಳಕ್ಕೆ ಪ್ಲಾಸ್ಟಿಕ್ ಮೇಲೆ ಒಂದೇ ಕಡೆಯಿಂದ ಸಿಗುತ್ತಿತ್ತು. ನಾವು ಬಿಸಿಲು ಬಿಸಿಲು ಅಂತ ಆಕಾಶ ನೋಡುತ್ತೇವೆ. ಹಪ್ಪಳಕ್ಕೆ ಬೇಕಾದ್ದು ಅಡಿಯಿಂದ ಗಾಳಿ.

ಮನೆಯಲ್ಲಿ ಹಳೆಯ ನವಾರು ಮಂಚ ಇತ್ತು. ನವಾರು ಬಿಚ್ಚಿ ಆ ಚೌಕಟ್ಟಿಗೆ ಕಿಟಕಿಗೆ ಹಾಕುವ ನೈಲಾನ್ ಸೊಳ್ಳೆ ಜಾಲರಿ ಬಿಗಿದು ಕಟ್ಟಿದೆ. ಜಾಲರಿಗೆ 350 ರೂಪಾಯಿ. ಮೊದಲ ಸಲ ಹಸಿ ಹಪ್ಪಳವನ್ನು ನೇರ ಜಾಲರಿ ಮೇಲೆ ಹಾಕಿದೆ. ಜಾಲರಿಯ ಅಚ್ಚು ಮೂಡಿತು, ಕೀಳುವಾಗ ತೂತಾಯಿತು. ಈಗ ಜಾಲರಿ ಮೇಲೆ ಹಳೆಯ ತೆಳು ಹತ್ತಿ ಪಂಚೆ, ಅದರ ಮೇಲೆ ಹಪ್ಪಳ. ಪಂಚೆಗೆ ಅಂಟದ ಹಾಗೆ ನಾನು ಮಾಡುವ ಒಂದು ಕೆಲಸ ಇದೆ. ಅದನ್ನು ಬರೆಯುವುದಿಲ್ಲ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಬೆಳಗ್ಗೆ ಎಂಟೂವರೆಯಿಂದ ಒಂದು ಗಂಟೆವರೆಗೆ ಮಂಚ ತಾರಸಿಯಲ್ಲಿ. ಬಿಸಿಲು ಬಂದರೆ ಒಳ್ಳೆಯದು, ಬರದಿದ್ದರೂ ಚಿಂತೆ ಇಲ್ಲ. ಪಾರಿವಾಳಕ್ಕೆ ಮೇಲೊಂದು ಸೊಳ್ಳೆ ಪರದೆ. ಆಮೇಲೆ ಇಬ್ಬರು ಹಿಡಿದು ಮನೆಯ ಹಾಲ್‌ಗೆ ಇಳಿಸುತ್ತೇವೆ. ಟೇಬಲ್ ಫ್ಯಾನನ್ನು ಮಂಚದ ಕೆಳಗೆ, ಮುಖ ಮೇಲೆ ಮಾಡಿ ಒರಗಿಸಿ ರಾತ್ರಿಯಿಡೀ ಬಿಡುತ್ತೇನೆ. ಮೊದಲ ರಾತ್ರಿ ಹನ್ನೊಂದರ ಹೊತ್ತಿಗೆ ಹಪ್ಪಳದ ಅಂಚು ತಾನಾಗಿ ಮೇಲೇಳುತ್ತದೆ. ಆಗ ಎದ್ದು ಎಲ್ಲವನ್ನೂ ಮಗುಚಬೇಕು. ಆ ಹೊತ್ತು ತಪ್ಪಿದರೆ ಬಟ್ಟಲಿನ ಹಾಗೆ ಗುಂಡಿ ಬೀಳುತ್ತವೆ. ಎರಡನೇ ದಿನ ಸಂಜೆಗೆ ಹಪ್ಪಳ ಕೈಯಲ್ಲಿ ಎತ್ತಿದರೆ ಹಗುರ. ಮೂರನೇ ಬೆಳಗ್ಗೆ ಮುರಿದರೆ ಟಕ್ ಅನ್ನುತ್ತದೆ. ಎರಡು ರಾತ್ರಿಯ ಫ್ಯಾನಿಗೆ ಕರೆಂಟು ಹೆಚ್ಚೆಂದರೆ ಹತ್ತು ರೂಪಾಯಿ.

ಲೆಕ್ಕ ಹೇಳಬೇಕೆಂದರೆ, ಮೂರು ವರ್ಷ ಕಲಿಯಲು ನಾಲ್ಕೂವರೆ ಸಾವಿರದ ಹತ್ತಿರ ಹೋಗಿದೆ. ಈಗ ಒಂದು ಕಾಯಿಗೆ ಪೆಟ್ರೋಲ್, ಗ್ಯಾಸ್, ಮೆಣಸು, ಜೀರಿಗೆ ಎಲ್ಲ ಸೇರಿ 400 ರೂಪಾಯಿ ಬೀಳುತ್ತದೆ. ಅದರಲ್ಲಿ 140 ಹಪ್ಪಳ. ನಾನು ನೋಡಿದ ಅಂಗಡಿಯಲ್ಲಿ 25ರ ಕಟ್ಟಿಗೆ 130 ಇತ್ತು. ನಮ್ಮ ಕೂಲಿ ಹಿಡಿದರೆ ಲಾಭ ಇಲ್ಲ. ಆದರೆ ಅಂಗಡಿಯ ಕೆಲವು ಕಟ್ಟುಗಳಲ್ಲಿ ಹಲಸು ಎಷ್ಟು, ಬೇರೆ ಹಿಟ್ಟು ಎಷ್ಟು ಅಂತ ನಾಲಿಗೆಗೇ ಗೊತ್ತಾಗುತ್ತದೆ. ನನ್ನದರಲ್ಲಿ ಪೂರ್ತಿ ಹಲಸು.

ನಡುವೆ ಕೆಲವು ಪ್ರಯೋಗ ಮಾಡಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸು ಸೊಳೆಯ ಕೆಂಪು ಬಣ್ಣಕ್ಕೆ ಹೆಸರಾದದ್ದು. ಅದನ್ನು ತಿಂದ ಮೇಲೆ ಕೆಂಪು ಹಪ್ಪಳ ಮಾಡುವ ಆಸೆ ಹುಟ್ಟಿತು. ತುಮಕೂರು ಕಡೆಯಿಂದ ಯಾವುದೋ ಕೆಂಪು ಸೊಳೆಯ ಕಾಯಿ ತಂದು ನೋಡಿದೆ. ಬಣ್ಣ ಬರುವ ಹೊತ್ತಿಗೆ ಸಿಹಿಯೂ ಬಂದಿರುತ್ತದೆ, ಎಣ್ಣೆಯಲ್ಲಿ ಅದೇ ಹಳೆ ಕಥೆ. ಬೇಳೆ ಬೇಯಿಸಿ ಹಿಟ್ಟಿಗೆ ಸೇರಿಸಿದೆ. ಕಾಲು ಭಾಗದವರೆಗೆ ಪರವಾಗಿಲ್ಲ, ಅದರ ಮೇಲೆ ಹೋದರೆ ಅರಳುವುದು ಕಡಿಮೆ. ಜೀಗುಜ್ಜೆಯದ್ದು (ಹಲಸಿನ ಜಾತಿಯ ಇನ್ನೊಂದು ಕಾಯಿ, ಬ್ರೆಡ್‌ಫ್ರೂಟ್) ಮಾತ್ರ ತುಂಬಾ ಚೆನ್ನಾಗಿ ಬಂತು, ಹಲಸಿಗಿಂತ ತೆಳ್ಳಗೆ ಒತ್ತಬಹುದು. ಕಾಯಿ ಮಂಗಳೂರಿನಿಂದ ತರಿಸಬೇಕು, ದುಬಾರಿ. ಮಸಾಲೆಯಲ್ಲಿ ಮೆಣಸು, ಉಪ್ಪು, ಜೀರಿಗೆ, ಕೊತ್ತಂಬರಿ ಎಲ್ಲರದ್ದೂ ಒಂದೇ. ನನ್ನದರಲ್ಲಿ ಇನ್ನೊಂದು ಪುಡಿ ಅರ್ಧ ಚಮಚ ಇದೆ. ಅದೂ ಸದ್ಯ ನನ್ನಲ್ಲೇ ಇರಲಿ.

ಶ್ರಾವಣದಲ್ಲಿ ಒಂದು ಮದುವೆಗೆ ದೊಡ್ಡಮ್ಮ ಬಂದಿದ್ದರು. ಹೊರಗೆ ಜಿಟಿಜಿಟಿ ಮಳೆ. ಕೆಂಡ ಇಲ್ಲ, ಗ್ಯಾಸಿನ ಮೇಲೆ ಜಾಲರಿ ಇಟ್ಟು ಹಪ್ಪಳ ಸುಟ್ಟೆ. ತೆಂಗಿನೆಣ್ಣೆ ಸವರಿ, ತೆಂಗಿನಕಾಯಿ ಹೋಳಿನ ಜೊತೆ ತಟ್ಟೆಯಲ್ಲಿಟ್ಟೆ. ಒಂದು ತಿಂದರು. ಇನ್ನೊಂದನ್ನು ಬೆಳಕಿಗೆ ಹಿಡಿದು, ದಪ್ಪ ಒಂದೇ ಸಮ ಇದೆಯಾ ಅಂತ ನೋಡಿದರು. ಮೂರನೆಯದು ತಿನ್ನುತ್ತಾ "ಆ ಮಂಚ ಎಲ್ಲಿದೆ, ತೋರಿಸು" ಅಂದರು. ಬಗ್ಗಿ ಅಡಿಯಿಂದ ನೋಡಿ, ಫ್ಯಾನ್ ಹಾಕಿಸಿ, ಜಾಲರಿ ಮೇಲೆ ಅಂಗೈ ಇಟ್ಟು ಗಾಳಿ ನೋಡಿದರು.

"ನಮ್ಮಲ್ಲಿ ಆಷಾಢದಲ್ಲಿ ಇದು ನಡೆಯೂದಿಲ್ಲ, ಗಾಳಿಯೇ ಒದ್ದೆ" ಅಂದರು. ಅದು ಸರಿ. ಮಲೆನಾಡಿನ ಮಳೆಗೆ ಬರೀ ಫ್ಯಾನ್ ಸಾಲದು, ನಾನೂ ಒಪ್ಪುತ್ತೇನೆ. ಆದರೆ ಒಲೆ ಇರುವ ಕೋಣೆಯಲ್ಲಿ ಇಟ್ಟರೆ ಆಗಬಹುದು ಅಂತ ಅವರೇ ಹೇಳಿ, ಮಂಚದ ಉದ್ದ ಅಗಲ ಗೇಣಿನಲ್ಲಿ ಅಳೆದುಕೊಂಡರು. ಹೋಗುವಾಗ 50 ಹಪ್ಪಳ ಕಟ್ಟಿ ಕೊಟ್ಟೆ. ಮುಂದಿನ ಮೇ ತಿಂಗಳಿಗೆ ಖೀಮಾ ಯಂತ್ರ ಒಂದು ತಂದು ಕೊಡು ಅಂತ ದುಡ್ಡು ಮೊದಲೇ ಕೈಗಿಟ್ಟು ಹೋಗಿದ್ದಾರೆ.