45 ಡಿಗ್ರಿ ಕೂಡಬೇಕಾದರೆ: ಟೇಬಲ್ ಸಾ ಮೈಟರ್ ಗೇಜ್ ಹೊಂದಿಸುವ ಕ್ರಮ

ಫೋಟೋ ಫ್ರೇಮಿನ ಮೂರು ಮೂಲೆ ಕೂಡಿ ನಾಲ್ಕನೆಯದು ಬಾಯಿ ಬಿಟ್ಟರೆ ತಪ್ಪು ಸಾಮಾನ್ಯವಾಗಿ ಮೈಟರ್ ಗೇಜಿನದು, ಅಂದರೆ ಟೇಬಲ್ ಸಾ (ಮೇಜಿನ ಗರಗಸ) ಮೇಲೆ ಮರವನ್ನು ಬೇಕಾದ ಕೋನದಲ್ಲಿ ಹಿಡಿದು ಬ್ಲೇಡಿಗೆ ತಳ್ಳುವ ಸಾಧನದ್ದು. ನಾಲ್ಕು ಮೂಲೆಗೆ ಎಂಟು ಕೊಯ್ತ. ಒಂದೊಂದರಲ್ಲಿ ಕಾಲು ಡಿಗ್ರಿ ಹೋದರೂ ಕೊನೆಗೆ 2 ಡಿಗ್ರಿ ಸಂದು. ಗೇಜಿನ ಮೇಲಿನ ಗೀಟು ಅಷ್ಟು ಸೂಕ್ಷ್ಮವಾಗಿ ತೋರಿಸದು.

ಮೊದಲು ಪ್ಲಗ್ ಕೀಳಬೇಕು. ಗೇಜ್ ಮುಟ್ಟುವ ಮುಂಚೆ ಬ್ಲೇಡು ಸ್ಲಾಟಿಗೆ (ಮೇಜಿನಲ್ಲಿ ಗೇಜ್ ಜಾರುವ ತೋಡಿಗೆ) ಸಮಾನಾಂತರ ಇದೆಯೇ ನೋಡುತ್ತೇನೆ. ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಒಂದು ಹಲ್ಲಿಗೆ ಮಾರ್ಕರ್ ಹಚ್ಚಿ, ಮುಂದೆ ಒಮ್ಮೆ, ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಸ್ಲಾಟಿನಿಂದ ಅಳೆಯಬೇಕು. ಬೇರೆ ಹಲ್ಲು ಹಿಡಿದರೆ ಬ್ಲೇಡಿನ ಓಲಾಟವೂ ಲೆಕ್ಕಕ್ಕೆ ಸೇರುತ್ತದೆ. ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಸಾಕು.

ಆಮೇಲೆ ಸ್ಲಾಟಿನೊಳಗೆ ಜಾರುವ ಗೇಜಿನ ಬಾರಿನ ಅಲುಗಾಟ. ಬಾರಿನ ಪಕ್ಕಕ್ಕೆ ಸೆಂಟರ್ ಪಂಚ್‌ನಿಂದ ಅಲ್ಲಲ್ಲಿ ಕುಟ್ಟಿದರೆ ಲೋಹ ಉಬ್ಬಿ ಬಿಗಿಯಾಗುತ್ತದೆ. ಜಾಸ್ತಿಯಾದರೆ ಅರದಿಂದ ಉಜ್ಜಿದರಾಯಿತು. ಬಾರಿನ ಬದಲು ಮರದ ರನ್ನರ್ ಬೇಡ, ಪುಣೆಯ ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ.

90ಕ್ಕೆ ಮೂಲೆಮಟ್ಟ ಹಿಡಿದು ಅಂದಾಜು ಕೂರಿಸಿ, ತೀರ್ಪನ್ನು ಕೊಯ್ತಕ್ಕೆ ಬಿಡುತ್ತೇನೆ. ಅಂಚುಗಳು ಸಮಾನಾಂತರವಿರುವ, 300 ಮಿ.ಮೀ. ಅಗಲದ ಎಂಡಿಎಫ್ ತುಂಡು ಬೇಕು. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಿಂದ ಆಗತಾನೆ ತಂದ ಹಸಿ ಹಲಗೆ ಸೊಟ್ಟಗಾಗಿ ದಾರಿ ತಪ್ಪಿಸುತ್ತದೆ. ಅಡ್ಡ ಕೊಯ್ದು, ಒಂದು ಭಾಗವನ್ನು ಮಗುಚಿ, ಎರಡನ್ನೂ ನೇರ ಪಟ್ಟಿಗೆ ಒತ್ತಿ ಕೊಯ್ದ ಮುಖ ಸೇರಿಸಿ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು: ತುದಿಯಲ್ಲಿ 1 ಮಿ.ಮೀ. ಇದ್ದರೆ ಗೇಜ್ ಸುಮಾರು 0.1 ಡಿಗ್ರಿ ವಾರೆ. ಸಂದು ಮುಚ್ಚಿದ ಮೇಲೆ, ಗೇಜನ್ನು ಆ ಕೋನದಲ್ಲೇ ನಿಲ್ಲಿಸುವ ಸ್ಟಾಪ್ ಸ್ಕ್ರೂ ತಾಗಿಸಿ ಲಾಕ್ ನಟ್ ಬಿಗಿಯುವುದು. ನಟ್ ತಿರುಗುವಾಗ ಸ್ಕ್ರೂವನ್ನೂ ಎಳೆದುಕೊಳ್ಳುತ್ತದೆ, ಹಾಗಾಗಿ ಬಿಗಿದ ನಂತರ ಮತ್ತೊಮ್ಮೆ ಕೊಯ್ದು ನೋಡಲೇಬೇಕು.

45ಕ್ಕೂ ಇದೇ ಧಾಟಿ. ಎರಡು ತುಂಡು ಕೊಯ್ದು ಜೋಡಿಸಿ ಒಳಮೂಲೆಗೆ ಮೂಲೆಮಟ್ಟ ಇಡಿ. ಇಲ್ಲಿ ಕಾಡುವುದು ಇನ್ನೊಂದು: ಓರೆ ಕೊಯ್ತದಲ್ಲಿ ಬ್ಲೇಡು ತುಂಡನ್ನು ಗೇಜಿನುದ್ದಕ್ಕೂ ಜಾರಿಸುತ್ತದೆ. ಗೇಜ್ ಸರಿಯಿದ್ದೂ ಕೋನ ಕೆಡುವುದು ಹೀಗೆ. 18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಗೇಜಿಗೆ ಸ್ಕ್ರೂ ಮಾಡಿ, ಮುಖಕ್ಕೆ 120 ನಂಬರಿನ ಪಾಲಿಶ್ ಪೇಪರ್ ಅಂಟಿಸಿದರೆ ಹಿಡಿತ ಸಿಗುತ್ತದೆ. ತುಂಡುಗಳೆಲ್ಲ ಒಂದೇ ಉದ್ದ ಬರಲು ಸ್ಟಾಪ್ ಬ್ಲಾಕನ್ನು (ತುದಿ ತಾಗುವ ಅಡ್ಡ ತುಂಡನ್ನು) ಆ ಪಟ್ಟಿಗೇ ಕ್ಲಾಂಪ್ ಮಾಡಿ. ರಿಪ್ ಫೆನ್ಸನ್ನು (ಬ್ಲೇಡಿಗೆ ಸಮಾನಾಂತರವಾಗಿ ಮೇಜಿನ ಮೇಲೆ ನಿಲ್ಲುವ ತಡೆಪಟ್ಟಿಯನ್ನು) ಸ್ಟಾಪಾಗಿ ಬಳಸಿದರೆ ಕೊಯ್ದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿ ಮೈಮೇಲೆ ಚಿಮ್ಮುತ್ತದೆ.